ಟೋಪಿ ತೆಗೀರಿ ಮೇಷ್ಟ್ರೇ

"ಆಟ ಆಡೋಕೆ ಹೋಗೋ ಜಾಗಕ್ಕೆ ಕೋಟು ಯಾಕೇ?" ಎನ್ನುತ್ತಾ ಪಕ್ಕದ ಮನೆಯ ಅಕ್ಕ ಮೊರವನ್ನು ಕಾಂಪೌಂಡಿನ ಮೇಲಿಟ್ಟರು. ಮೊರದ ತುಂಬ ಹುಣಸೆಹಣ್ಣು. ವರ್ಷದ ಹಣ್ಣು ತರಿಸಿ, ಬೀಜ ನಾರು ತೆಗೆದು, ಉಪ್ಪು ಬೆರೆಸಿ ಜಾಡಿಗೆ ತುಂಬುವವರೆಗೆ ಅವರ ಕೈಗೆ ಬಿಡುವಿಲ್ಲ. ಬಾಯಿಗೆ ಇದೆ.

ವಿಷಯ ಇಷ್ಟು. ಅಕ್ಕನ ಯಜಮಾನರು, ನಮ್ಮ ಮೇಷ್ಟ್ರಿಗೆ ಎಪ್ಪತ್ತು ತುಂಬಿತು. ಭೀಮರಥ ಶಾಂತಿ ಮೈಸೂರಲ್ಲೇ ಆಯಿತು. ಅಟ್ಲಾಂಟಾದಲ್ಲಿರುವ ಮಗಳು ರಜೆ ಸಿಗದೆ ಮೊಬೈಲಿನಲ್ಲೇ ನಮಸ್ಕಾರ ಮಾಡಿದಳು. ಅದಕ್ಕೆ ಬದಲಾಗಿ ಮೇ ತಿಂಗಳಲ್ಲಿ ಅಪ್ಪ-ಅಮ್ಮನನ್ನು ಕರೆಸಿಕೊಂಡು, ಫ್ಲಾರಿಡಾದ ಒರ್ಲ್ಯಾಂಡೊ ಪಕ್ಕದ ಡಿಸ್ನಿ ವರ್ಲ್ಡಿಗೆ ಕರೆದುಕೊಂಡು ಹೋಗುತ್ತಾಳಂತೆ. ಒಂದು ರಾತ್ರಿ ದೊಡ್ಡ ಹೋಟೆಲಿನಲ್ಲಿ ಊಟ, ಇನ್ನೊಂದು ರಾತ್ರಿ ಅದಕ್ಕಿಂತ ದೊಡ್ಡ ಹೋಟೆಲಿನಲ್ಲಿ ಊಟ. ಬೆಳಿಗ್ಗೆ ವಾಟ್ಸಾಪಿನಲ್ಲಿ ಒಂದು ಸಾಲು ಬಂದಿದೆ: ಅಮ್ಮ, ಅಪ್ಪಂಗೆ ಒಂದು ಕೋಟು ಇಟ್ಕೊ. ಆ ಒಂದು ಸಾಲಿಗೆ ಆ ಮನೆಯಲ್ಲಿ ತಿಂಡಿ ತಡವಾಯಿತು.

ನನ್ನ ಮಗ ಟ್ಯಾಂಪಾದಲ್ಲಿದ್ದಾಗ ನಾನೂ ಆ ಕಡೆ ಹೋಗಿ ಬಂದವಳು. ಹಾಗಾಗಿ ಈ ರಸ್ತೆಗೆಲ್ಲ ಫ್ಲಾರಿಡಾ ವಿಷಯದಲ್ಲಿ ನಾನೇ ಪ್ರಮಾಣ.

"ಅಕ್ಕ, ಅದು ನೀವಂದ್ಕೊಂಡ ಹಾಗೆ ಪಾರ್ಕಲ್ಲ. ತಾಲ್ಲೂಕು," ಎಂದೆ. ಸುಳ್ಳಲ್ಲ. 1971ರ ಅಕ್ಟೋಬರಿನಲ್ಲಿ ಬಾಗಿಲು ತೆರೆದ ಆ ಜಾಗದ ವಿಸ್ತಾರ ಸುಮಾರು 40 ಚದರ ಮೈಲಿ. ಅದರೊಳಗೆ ಬೇರೆ ಬೇರೆ ನಾಲ್ಕು ಪಾರ್ಕು, ಇಪ್ಪತ್ತಕ್ಕೂ ಹೆಚ್ಚು ಹೋಟೆಲು, ಅವಕ್ಕೆಲ್ಲ ಓಡಾಡಲು ಬಸ್ಸು, ದೋಣಿ, ಕಂಬದ ಮೇಲೆ ಓಡುವ ಮಾನೊರೈಲು. ಊಟದ ಉಡುಪಿನ ಮಾತು ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ, ಊಟ ಪಾರ್ಕಿನ ಗೇಟಿನ ಒಳಗೋ ಹೊರಗೋ ಅಂತ. ಗೇಟಿನ ಒಳಗೆ ಎಷ್ಟೇ ದುಬಾರಿ ಊಟವಾದರೂ ಬಟ್ಟೆ ವಿಷಯದಲ್ಲಿ ಯಾರೂ ತಕರಾರು ಮಾಡಲ್ಲ. ಬೆಳಗಿಂದ ಬಿಸಿಲಲ್ಲಿ ಸುತ್ತಿದವರನ್ನು ಚಡ್ಡಿ ಹಾಕಿದ್ದೀರಿ ಅಂತ ಹೊರಗೆ ಕಳಿಸಿದರೆ ಆ ಅಂಗಡಿ ನಡೆಯುತ್ತದೆಯೇ? ಹೊರಗಿನ ಹೋಟೆಲುಗಳಲ್ಲಿರುವ ದೊಡ್ಡ ರೆಸ್ಟೋರೆಂಟುಗಳಿಗೇ ಈ ನಿಯಮ.

"ಏನಂತೆ ನಿಯಮ?"

ಹೇಳಿದೆ. ತೋಳಿಲ್ಲದ ಬನಿಯನ್ ನಮೂನೆಯ ಅಂಗಿ ಬೇಡ. ಈಜುಡುಗೆ ಬೇಡ, ಅದರ ಮೇಲೊಂದು ಟವೆಲ್ ಸುತ್ತಿಕೊಂಡರೂ ಬೇಡ. ಹರಿದದ್ದು ಬೇಡ, ದುಡ್ಡು ಕೊಟ್ಟು ಹರಿದದ್ದನ್ನೇ ಕೊಂಡಿದ್ದರೂ ಬೇಡ. ಗಂಡಸರ ತಲೆ ಮೇಲೆ ಟೋಪಿ ಇರಕೂಡದು. ಪ್ಯಾಂಟು, ಕಾಲರ್ ಇರುವ ಅಂಗಿ ಇದ್ದರೆ ಸಾಕು. ಚೊಕ್ಕಟವಾದ ಜೀನ್ಸೂ ಆಗುತ್ತದೆ. ಇಸ್ತ್ರಿ ಮಾಡಿದ ಚಡ್ಡಿಗೂ ಜಾಗ ಉಂಟು. ಒಕ್ಕಣೆ ಆಗಾಗ ಬದಲಾಗುತ್ತಿರುತ್ತದೆ, ಸಾರ ಇಷ್ಟೇ.

ಅಕ್ಕ ಒಂದು ಹುಣಸೆಬೀಜ ಕಿತ್ತು ಬಟ್ಟಲಿಗೆ ಹಾಕಿ ಯೋಚಿಸಿದರು. "ಇದೆಲ್ಲ ಗಂಡಸರ ವಿಷಯ. ಹೆಂಗಸರಿಗೆ?"

"ಹೆಂಗಸರಿಗೆ ಅಂತ ವಿಶೇಷ ಏನೂ ಇಲ್ಲ."

"ಅಂದ್ರೆ ರೂಲ್ಸು ಅವರಿಗೆ, ಇಸ್ತ್ರಿ ನನಗೆ."

ಇಡೀ ವಿಷಯದಲ್ಲಿ ನಾನು ಕೇಳಿದ ಅತ್ಯಂತ ಸರಿಯಾದ ಮಾತು ಇದು. ಪ್ರಪಂಚದ ಯಾವ ದೊಡ್ಡ ಹೋಟೆಲಿನ ಉಡುಪಿನ ನಿಯಮ ಓದಿದರೂ ಮುಕ್ಕಾಲು ಪಾಲು ಗಂಡಸರಿಗೇ ಬರೆದದ್ದು: ಕೋಟು, ಕಾಲರು, ಟೋಪಿ, ಬೂಟು. ಹೆಂಗಸರು ಹೇಗೂ ಯೋಚನೆ ಮಾಡಿಯೇ ಹೊರಡುತ್ತಾರೆ, ಅವರಿಗೆ ಹೇಳುವುದೇನು ಅಂತ ನಿಯಮ ಬರೆದವನಿಗೂ ಗೊತ್ತಿರಬೇಕು. ಆ ನಿಯಮವನ್ನು ಓದುವುದು, ಗಂಡನಿಗೆ ತಿಳಿಸುವುದು, ಅವನು ಗೊಣಗುವುದನ್ನು ಕೇಳುವುದು, ಕೊನೆಗೆ ಪೆಟ್ಟಿಗೆಗೆ ತುಂಬುವುದು, ಇದಿಷ್ಟೂ ಹೆಂಡತಿಯ ಪಾಲಿಗೆ.

ಅಷ್ಟರಲ್ಲಿ ವರಾಂಡದಿಂದ ದನಿ ಬಂತು. ಮೇಷ್ಟ್ರು ಪೇಪರಿನ ಹಿಂದೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. "ಟೋಪಿ ಯಾಕಮ್ಮ ಬೇಡ? ಅಲ್ಲಿ ಏಸಿ ಇರುತ್ತಲ್ಲ?"

ಇಲ್ಲಿ ಮೇಷ್ಟ್ರ ಟೋಪಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಕಂದು ಬಣ್ಣದ ಮಂಕಿ ಕ್ಯಾಪು. ಮೈಸೂರಿನ ಡಿಸೆಂಬರಿನಲ್ಲಿ ಅದು ತಲೆಗೇರಿದರೆ ಶಿವರಾತ್ರಿಗೆ ಇಳಿಯುವುದು. ಬೆಂಗಳೂರಿನ ಏಸಿ ಬಸ್ಸು, ಸಿನಿಮಾ ಥಿಯೇಟರು, ಮದುವೆ ಛತ್ರ, ಎಲ್ಲಿ ತಂಗಾಳಿ ಸುಳಿದರೂ ಅಂಗಿ ಜೇಬಿನಿಂದ ಹೊರಬರುತ್ತದೆ. ಅದರ ಕೆಳಗಂಚಿನ ಹೆಣಿಗೆ ಬಿಟ್ಟು, ಅಕ್ಕ ಬೇರೆ ಬಣ್ಣದ ಉಲ್ಲನ್ನಿನಲ್ಲಿ ಹೊಲಿದು ಕೊಟ್ಟಿದ್ದಾರೆ. ಮೇಷ್ಟ್ರ ಭಯಕ್ಕೆ ಆಧಾರ ಇಲ್ಲದಿಲ್ಲ. ಫ್ಲಾರಿಡಾದ ಮೇ ತಿಂಗಳು ಅಂದರೆ ನಮ್ಮ ಮಂಗಳೂರಿನ ಸೆಕೆ. ಹೊರಗೆ ಮೂವತ್ತೆರಡು ಡಿಗ್ರಿ, ಮೈಯೆಲ್ಲ ಅಂಟು. ಒಳಗೆ ಕಾಲಿಟ್ಟರೆ ಹಲ್ಲು ಕಡಿಯುವ ಚಳಿ. ಆ ಊರಿನ ಊಟದ ಮನೆಗಳಲ್ಲಿ ತೆಳ್ಳನೆಯ ಉಡುಪು ತೊಟ್ಟು ಬಂದ ಅಮೆರಿಕದ ಹೆಂಗಸರೇ ಗಂಡಂದಿರ ಕೋಟು ಇಸಕೊಂಡು ಹೊದ್ದು ಕೂರುವುದನ್ನು ಕಂಡಿದ್ದೇನೆ. ಕೋಟು ಗಂಡಸಿಗೆ ಕಡ್ಡಾಯ ಮಾಡಿದ್ದು ಇದಕ್ಕೇ ಇರಬೇಕು.

"ಕೋಟು ಹಾಕ್ಕೊಂಡ್ರೆ ಚಳಿ ಆಗಲ್ಲ ಮೇಷ್ಟ್ರೇ. ಟೋಪಿ ಮಾತ್ರ ತೆಗೀಬೇಕು," ಎಂದೆ.

ಮೇಷ್ಟ್ರು ಪೇಪರ್ ಇಳಿಸಿದರು. ಅವರು ಪೇಪರ್ ಇಳಿಸಿದರೆ ಪಾಠ ಶುರು. "ನೋಡಮ್ಮ, ಧರ್ಮಸ್ಥಳಕ್ಕೆ ಹೋದ್ರೆ ಗಂಡಸರು ಅಂಗಿ ಬಿಚ್ಚು ಅಂತಾರೆ, ಬಿಚ್ತೀವಿ. ನಮ್ಮ ಅರಮನೆ ದರ್ಬಾರಿಗೆ ಹೋಗೋರು ಉದ್ದ ಕೋಟು ಹಾಕಿ ತಲೆಗೆ ಪೇಟ ಕಟ್ತಿದ್ರು. ಬರಿ ತಲೇಲಿ ಹೋದ್ರೆ ಅಪಚಾರ. ಈಗ ಇವಳು ಹೇಳ್ತಾಳೆ, ತಲೇದು ತೆಗಿ, ಮೈಮೇಲೆ ಹಾಕು. ದೇವರಿಗೆ ಒಂದು, ರಾಜನಿಗೆ ಒಂದು, ಇಲಿಗೆ ಒಂದು!"

ಇಲಿ ಎಂದದ್ದು ಮಿಕ್ಕಿ ಮೌಸನ್ನು. ನಗು ತಡೆಯಲಾಗಲಿಲ್ಲ. ಆದರೆ ಮೇಷ್ಟ್ರ ಮಾತಿನಲ್ಲಿ ಅರ್ಥ ಇದೆ. ನಮ್ಮ ಕಡೆಯ ದೊಡ್ಡ ಊಟ ಯಾವುದು? ಮಡಿಯುಟ್ಟು, ಅಂಗಿ ಕಳಚಿ, ಹೆಗಲ ಮೇಲೊಂದು ಶಲ್ಯ ಹಾಕಿಕೊಂಡು ಪಂಕ್ತಿಯಲ್ಲಿ ಕೂರುವ ಊಟ. ಉಡುಪಿ ಮಠದ ಚೌಕಿಯಲ್ಲಿ ಕೋಟು ಹಾಕಿ ಕೂತವನನ್ನು ಎಬ್ಬಿಸುತ್ತಾರೆ. ಊಟಕ್ಕೆ ಮರ್ಯಾದೆ ಕೊಡುವುದು ಬಟ್ಟೆ ಕಡಿಮೆ ಮಾಡಿಯೋ ಹೆಚ್ಚು ಮಾಡಿಯೋ ಎನ್ನುವುದು ಆಯಾ ಊರಿನವರು ಕೂತು ತೀರ್ಮಾನಿಸಿಕೊಂಡ ಸಂಗತಿ. ಹೊರಗಿನವನು ಹೋಗಿ ವಾದ ಮಾಡುವಂಥದ್ದಲ್ಲ.

"ಆಯ್ತು, ಎಲ್ಲೆಲ್ಲಿ ಊಟ ಅಂತೆ?" ಎಂದು ಕೇಳಿದೆ. ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಮೊಬೈಲ್ ತಂದು ತೋರಿಸಿದರು. ಮೊದಲನೆಯದು ಕ್ಯಾಲಿಫೋರ್ನಿಯಾ ಗ್ರಿಲ್. ಎರಡನೆಯದು ವಿಕ್ಟೋರಿಯಾ ಅಂಡ್ ಆಲ್ಬರ್ಟ್ಸ್. ಮಗಳು ಅರವತ್ತು ದಿನ ಮುಂಚೆ ಬೆಳಿಗ್ಗೆ ಎದ್ದು ಬುಕ್ ಮಾಡಬೇಕಂತೆ. ಅಲ್ಲಿ ಹಾಗೇ, ಅದಕ್ಕೆ ಮೊದಲು ಕೊಡುವುದಿಲ್ಲ.

ಕ್ಯಾಲಿಫೋರ್ನಿಯಾ ಗ್ರಿಲ್ಲಿನ ಬಗ್ಗೆ ನನಗೆ ಒಲವು. ಕಂಟೆಂಪೊರರಿ ಎಂಬ ಹೋಟೆಲಿನ ಹದಿನೈದನೇ ಮಹಡಿಯಲ್ಲಿದೆ. ಕೆಳಗೆ ಎರಡನೇ ಮಹಡಿಯಲ್ಲಿ ಹೆಸರು ಹೇಳಿ ನಿಲ್ಲಬೇಕು, ಅವರೇ ಲಿಫ್ಟಿನಲ್ಲಿ ಕರೆದುಕೊಂಡು ಹೋಗುತ್ತಾರೆ. ಬಟ್ಟೆ ನೋಡುವುದಿದ್ದರೆ ಅಲ್ಲೇ ನೋಡಿಬಿಡುತ್ತಾರೆ, ಮೇಲೆ ಹೋದ ಮೇಲೆ ಮುಖಭಂಗ ಇಲ್ಲ. ಈ ಹೋಟೆಲಿನ ಹೊಟ್ಟೆಯೊಳಗೇ ಮಾನೊರೈಲು ಓಡುತ್ತದೆ. ಒಳಗೆ ತೊಂಬತ್ತು ಅಡಿ ಎತ್ತರದ ಹೆಂಚುಚಿತ್ರ ಇದೆ, ಮೇರಿ ಬ್ಲೇರ್ ಎಂಬ ಕಲಾವಿದೆ ಮಾಡಿದ್ದು. ಅದರಲ್ಲೊಂದು ಆಡಿಗೆ ಐದು ಕಾಲು. ಹುಡುಕಿ ನೋಡಿ ಎಂದೆ. ಅಮೆರಿಕದ ಅಧ್ಯಕ್ಷ ನಿಕ್ಸನ್ ಸಾಹೇಬರು ತಾನು ಮೋಸಗಾರನಲ್ಲ ಅಂತ 1973ರ ನವೆಂಬರಿನಲ್ಲಿ ಪತ್ರಿಕೆಯವರ ಮುಂದೆ ಹೇಳಿದ್ದು ಇದೇ ಹೋಟೆಲಿನಲ್ಲಿ. ಕೋಟು ಟೈ ಎಲ್ಲ ಸರಿಯಾಗಿಯೇ ಹಾಕಿದ್ದರು. ಉಪಯೋಗಕ್ಕೆ ಬರಲಿಲ್ಲ.

ರಾತ್ರಿ ಪಾರ್ಕಿನ ಕೋಟೆಯ ಮೇಲೆ ಬಾಣಬಿರುಸು ಸಿಡಿಯುವ ಹೊತ್ತಿಗೆ ಈ ಊಟದ ಮನೆಯ ದೀಪ ಮಂದ ಮಾಡಿ, ಅಲ್ಲಿಯ ಸಂಗೀತವನ್ನು ಇಲ್ಲಿಯೂ ಹಾಕುತ್ತಾರೆ. ಎಲ್ಲರೂ ಎದ್ದು ಹೊರಗಿನ ಕಟ್ಟೆಗೆ ಹೋಗಿ ನೋಡುತ್ತಾರೆ. ಅಲ್ಲಿಗೆ ಕೋಟು ಬೇಡವೇ ಬೇಡ ಅಂತ ನನ್ನ ಅಭಿಪ್ರಾಯ. ತುಂಬುತೋಳಿನ ಅಂಗಿ, ಒಳ್ಳೆಯ ಪ್ಯಾಂಟು, ಮುಗಿಯಿತು.

"ನಾನು ಇಷ್ಟೆಲ್ಲ ಮಾಡ್ಕೊಂಡು ಹೋಗಿ, ಪಕ್ಕದ ಟೇಬಲ್ಲಲ್ಲಿ ಯಾವನೋ ಚಡ್ಡೀಲಿ ಕೂತಿದ್ರೆ?" ಅಕ್ಕನ ಪ್ರಶ್ನೆ.

ಕೂತಿರುತ್ತಾನೆ. ಅದನ್ನೂ ಹೇಳಿದೆ. ಬಾಗಿಲಲ್ಲಿ ನಿಂತವರು ಚಡ್ಡಿಯ ಇಸ್ತ್ರಿಯನ್ನು ಅಳೆಯುತ್ತಾ ಕೂರುವುದಿಲ್ಲ. ರಜೆಗೆ ಬಂದವನ ಹತ್ತಿರ ಜಗಳ ಮಾಡುವ ಉಸಾಬರಿ ಯಾರಿಗೆ ಬೇಕು? ನಿಯಮ ಪಾಲಿಸಿದವರು ಪಾಲಿಸದವರನ್ನು ನೋಡಿ ಹೊಟ್ಟೆ ಉರಿದುಕೊಳ್ಳುವುದು ಅಲ್ಲಿಯ ಊಟದ ಒಂದು ಭಾಗ. ನಮ್ಮ ಆರತಕ್ಷತೆಗಳಲ್ಲಿ ಮದುಮಗನ ಸ್ನೇಹಿತರು ಜೀನ್ಸು, ಚಪ್ಪಲಿಯಲ್ಲಿ ವೇದಿಕೆ ಹತ್ತಿದಾಗ ಮುಂದಿನ ಸಾಲಿನ ಅತ್ತೆಯಂದಿರು ಮಾಡುವ ಮುಖವನ್ನು ನಾನು ಅಲ್ಲಿಯೂ ನೋಡಿದ್ದೇನೆ. ಮುಖದ ಬಣ್ಣ ಬೇರೆ, ಅಷ್ಟೆ.

ವಿಕ್ಟೋರಿಯಾ ಅಂಡ್ ಆಲ್ಬರ್ಟ್ಸ್ ಮಾತ್ರ ಬೇರೆ ಸಂಗತಿ. ಮಗಳು ಕೋಟು ಅಂದದ್ದು ಅದಕ್ಕೇ. ಗ್ರಾಂಡ್ ಫ್ಲೊರಿಡಿಯನ್ ಅಂತ ಬಿಳಿ ಗೋಡೆ ಕೆಂಪು ಛಾವಣಿಯ, 1988ರಲ್ಲಿ ಶುರುವಾದ ಭಾರಿ ಹೋಟೆಲಿನೊಳಗೆ ಇದೆ. 2024ರಲ್ಲಿ ಮಿಶೆಲಿನ್ ನಕ್ಷತ್ರ ಬಂತು. ಒಂದು ಕಾಲದಲ್ಲಿ ಅಲ್ಲಿ ಪ್ರತಿ ಟೇಬಲ್ಲಿಗೂ ಒಬ್ಬಳು ಪರಿಚಾರಿಕೆ, ಒಬ್ಬ ಪರಿಚಾರಕ. ಅವಳ ಹೆಸರು ಏನೇ ಇರಲಿ ವಿಕ್ಟೋರಿಯಾ, ಇವನ ಹೆಸರು ಏನೇ ಇರಲಿ ಆಲ್ಬರ್ಟ್. ಈಗ ಆ ನಾಟಕ ನಿಲ್ಲಿಸಿದ್ದಾರೆ. ಹಾರ್ಪ್ ನುಡಿಸುವುದು ಉಳಿದಿದೆ. ಹೆಂಗಸರ ಕೈಚೀಲ ನೆಲದ ಮೇಲೆ ಇಡಬಾರದು ಅಂತ ಅದಕ್ಕೊಂದು ಪುಟ್ಟ ಮಣೆ ತಂದಿಡುತ್ತಾರೆ.

"ಚೀಲಕ್ಕೆ ಮಣೆ!" ಅಕ್ಕ ಕೈ ನಿಲ್ಲಿಸಿದರು. "ನಮ್ಮನೇಲಿ ಬೀಗರಿಗೇ ಮಣೆ ಸಾಲದೆ ಚಾಪೆ ಹಾಸಿದ್ವಿ."

ಹಿಂದೆ ಅಲ್ಲಿ ಗಂಡಸರಿಗೆ ಕೋಟು ಕಡ್ಡಾಯ. ಈಗ ಕಡ್ಡಾಯ ಸಡಿಲಾಗಿದೆ, ಹಾಕಿಕೊಂಡು ಬಂದರೆ ಚೆನ್ನ ಅನ್ನುತ್ತಾರೆ. ಜೀನ್ಸು, ಚಡ್ಡಿ, ಹವಾಯಿ ಚಪ್ಪಲಿ, ಓಟದ ಬೂಟು ನಡೆಯುವುದಿಲ್ಲ. ತಲೆಗೆ ಸುಮಾರು ಮುನ್ನೂರು ಡಾಲರ್. ಇದನ್ನು ಹೇಳಬಾರದಿತ್ತೇನೋ. ಮೇಷ್ಟ್ರು ವರಾಂಡದಲ್ಲೇ ಗುಣಿಸಿ "ಇಪ್ಪತ್ತೈದು ಸಾವಿರದ ಮೇಲೆ!" ಎಂದು ಉದ್ಗರಿಸಿದರು. "ಒಬ್ಬನ ಊಟ! ಭೀಮರಥ ಶಾಂತೀಲಿ ಪುರೋಹಿತರ ದಕ್ಷಿಣೆ ಸೇರಿಸಿದ್ರೂ ಅಷ್ಟಾಗಿಲ್ಲ."

"ಇನ್ನೊಂದು ವಿಷಯ. ಹತ್ತು ವರ್ಷದೊಳಗಿನ ಮಕ್ಕಳನ್ನ ಅಲ್ಲಿ ಒಳಗೆ ಬಿಡಲ್ಲ," ಎಂದೆ. ಮೊಮ್ಮಗಳಿಗೆ ಎಂಟು.

ಮೇಷ್ಟ್ರ ಮುಖ ಅರಳಿತು. "ಹಾಗಾದ್ರೆ ನಾನು ಮಗು ಜೊತೆ ರೂಮಲ್ಲಿ ಇರ್ತೀನಿ. ನೀವುಗಳು ಹೋಗಿ ಬನ್ನಿ. ನಂಗೆ ಮೊಸರನ್ನ ಸಾಕು."

"ಎಪ್ಪತ್ತು ತುಂಬಿದ್ದು ನಿಮಗೆ. ಅಳಿಯ ಇರ್ತಾನೆ ರೂಮಲ್ಲಿ," ಎಂದು ಅಕ್ಕ ಒಂದೇ ಏಟಿಗೆ ಮುಗಿಸಿದರು. ಅಳಿಯನನ್ನು ಯಾರೂ ಕೇಳಿರಲಿಲ್ಲ.

ಈ ಮಕ್ಕಳ ವಿಷಯದಲ್ಲಿ ನನಗೆ ಹೊಳೆದದ್ದೊಂದು ಇದೆ. ಮ್ಯಾಜಿಕ್ ಕಿಂಗ್‌ಡಮ್ ಪಾರ್ಕಿನ ನಡುವೆ ಸಿಂಡರೆಲಾ ಕೋಟೆ ಇದೆಯಲ್ಲ, ಅದರೊಳಗೇ ಒಂದು ಊಟದ ಮನೆ. ಕೋಟೆಯಲ್ಲೇ ಪುಟ್ಟ ಹುಡುಗಿಯರಿಗೆ ರಾಜಕುಮಾರಿಯ ವೇಷ ಹಾಕಿ, ತಲೆ ಬಾಚಿ, ಮಿನುಗುಪುಡಿ ಬಳಿದು ಕಳಿಸುವ ಅಂಗಡಿಯೂ ಉಂಟು. ಹಾಗಾಗಿ ಆ ಅರಮನೆಯ ಊಟದಲ್ಲಿ ಅರಮನೆಗೆ ತಕ್ಕ ಬಟ್ಟೆ ಹಾಕಿದವರೆಲ್ಲ ಎಂಟು-ಹತ್ತು ವರ್ಷದೊಳಗಿನವರು. ರಾಜಕುಮಾರಿ ನಿಲುವಂಗಿ ಹರಡಿಕೊಂಡು ಕೂತಿದ್ದರೆ ಎದುರಿಗೆ ಅಪ್ಪ ಬೆವರಿದ ಟೀ ಶರ್ಟಿನಲ್ಲಿ, ಅಮ್ಮ ಚಡ್ಡಿ ಮತ್ತು ಓಟದ ಬೂಟಿನಲ್ಲಿ. ಅದೇ ಅಪ್ಪ-ಅಮ್ಮ ಚೊಕ್ಕಟವಾಗಿ ಉಟ್ಟುಕೊಂಡು ಹೋಗುವುದು ಮಕ್ಕಳಿಗೆ ಪ್ರವೇಶ ಇಲ್ಲದ ಕಡೆಗೆ. ಇಡೀ ಮನೆಯವರು ಒಟ್ಟಿಗೆ ಅಲಂಕಾರ ಮಾಡಿಕೊಂಡು ಕೂತ ಟೇಬಲ್ಲು ಆ ನಲವತ್ತು ಚದರ ಮೈಲಿಯಲ್ಲಿ ಅಪರೂಪ.

ವೇಷದ ಮಾತು ಬಂದದ್ದರಿಂದ ಹೇಳುತ್ತೇನೆ, ಪಾರ್ಕಿನೊಳಗೆ ಹದಿನಾಲ್ಕು ವರ್ಷ ತುಂಬಿದವರು ಪಾತ್ರಗಳ ವೇಷ ಹಾಕಿಕೊಂಡು ಬರುವಂತಿಲ್ಲ. ದೊಡ್ಡವಳೊಬ್ಬಳು ಸಿಂಡರೆಲಾ ವೇಷದಲ್ಲಿ ಓಡಾಡಿದರೆ ಮಕ್ಕಳು ಅವಳನ್ನೇ ನಿಜವಾದವಳು ಅಂದುಕೊಂಡು ಮುತ್ತಿಕೊಳ್ಳುತ್ತಾರೆ. ನೆಲಕ್ಕೆ ಎಳೆಯುವ ಉಡುಪೂ ಬೇಡ ಅನ್ನುತ್ತಾರೆ. "ನೆರಿಗೆ ಸ್ವಲ್ಪ ಮೇಲಕ್ಕೆ ಉಡಿ ಅಕ್ಕ," ಎಂದೆ.

ಅಕ್ಕನ ಮುಖದಲ್ಲಿ ಅಷ್ಟು ಹೊತ್ತು ಅಡಗಿದ್ದ ಆತಂಕ ಹೊರಬಂತು. "ಸೀರೆ ಉಟ್ಟೋರನ್ನ ಬಿಡ್ತಾರಾ? ದಿಲ್ಲೀಲಿ ಯಾವುದೋ ಹೋಟೆಲಲ್ಲಿ ಸೀರೆ ಉಟ್ಕೊಂಡು ಹೋದೋಳನ್ನ ಬಾಗಿಲಲ್ಲೇ ನಿಲ್ಸಿದ್ರಂತಲ್ಲ."

ಹೌದು, 2021ರ ಸೆಪ್ಟೆಂಬರಿನ ಸುದ್ದಿ. ವಿಡಿಯೋ ಎಲ್ಲರ ಮೊಬೈಲಿಗೂ ಬಂದಿತ್ತು. ಅದಕ್ಕೆ ಮೊದಲು, 2014ರಲ್ಲಿ, ಪಂಚೆ ಉಟ್ಟು ಹೋದ ಹೈಕೋರ್ಟ್ ನ್ಯಾಯಮೂರ್ತಿಗಳನ್ನೇ ಚೆನ್ನೈನ ಕ್ಲಬ್ಬೊಂದರಲ್ಲಿ ತಡೆದರು. ತಮಿಳುನಾಡು ಸರ್ಕಾರ ಆ ವರ್ಷವೇ ಕಾನೂನು ಮಾಡಿ, ಹಾಗೆ ತಡೆದರೆ ಶಿಕ್ಷೆ ಅಂತ ಬರೆಯಿತು. ನಮ್ಮ ಬೆಂಗಳೂರೇನು ಕಡಿಮೆ? 2024ರ ಜುಲೈಯಲ್ಲಿ ಮಗನ ಜೊತೆ ಸಿನಿಮಾ ನೋಡಲು ಬಂದ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆಂದು ಮಾಗಡಿ ರಸ್ತೆಯ ಮಾಲಿನಲ್ಲಿ ಒಳಗೆ ಬಿಡಲಿಲ್ಲ. ವಿಷಯ ವಿಧಾನಸಭೆಯವರೆಗೆ ಹೋಗಿ, ಮಾಲನ್ನು ಏಳು ದಿನ ಮುಚ್ಚಿಸುವ ಮಾತಾಯಿತು.

ಇವೆಲ್ಲ ನಡೆದದ್ದು ನಮ್ಮ ನೆಲದಲ್ಲೇ ಎನ್ನುವುದನ್ನು ಗಮನಿಸಿ. ಒರ್ಲ್ಯಾಂಡೊದಲ್ಲಿ ಸೀರೆ ಉಟ್ಟು ಹೋದರೆ ಬಾಗಿಲಲ್ಲಿರುವ ಹುಡುಗಿ ಎರಡು ಕೈ ಎದೆಗಿಟ್ಟು ಎಷ್ಟು ಚೆನ್ನಾಗಿದೆ ಅನ್ನುತ್ತಾಳೆ. ಅವಳಿಗೆ ಸೀರೆಯನ್ನು ಕೀಳಾಗಿ ನೋಡುವ ಪಾಠ ಯಾರೂ ಹೇಳಿಕೊಟ್ಟಿಲ್ಲ. ನಮ್ಮ ಬಾಗಿಲು ಕಾಯುವವರಿಗೆ ಹೇಳಿಕೊಟ್ಟಿದ್ದಾರೆ.

"ಹಾಗಾದ್ರೆ ಕಾಂಚೀಪುರದ್ದೇ ಇಟ್ಕೊಳ್ಲಾ? ಶಾಂತಿಗೆ ಉಟ್ಟಿದ್ದು, ದೊಡ್ಡಂಚಿಂದು."

ಬೇಡವೇ ಬೇಡ ಎಂದೆ. ತೂಕಕ್ಕೆ ತೂಕ, ಮಡಿಸಿದ ಕಡೆ ಗೆರೆ, ಆ ಹೋಟೆಲ್ ರೂಮಿನಲ್ಲಿ ಜರಿ ಸೀರೆಗೆ ಇಸ್ತ್ರಿ ಮಾಡುವವರು ಯಾರು? ಮೈಸೂರು ಸಿಲ್ಕ್ ಇಟ್ಟುಕೊಳ್ಳಿ. ನಮ್ಮೂರಿನ ಮಾನಂದವಾಡಿ ರಸ್ತೆಯ ಕಾರ್ಖಾನೆ 1912ರಲ್ಲಿ ಶುರುವಾದಾಗ ಒರ್ಲ್ಯಾಂಡೊಗೆ ಅಂತ ನೇಯ್ದಿರಲಿಲ್ಲ, ಆದರೆ ಆ ಕ್ರೇಪ್ ರೇಷ್ಮೆಯ ಗುಣವೇ ಪ್ರಯಾಣಕ್ಕೆ ಹೇಳಿ ಮಾಡಿಸಿದ್ದು. ಒಂದು ಮುಷ್ಟಿಯಲ್ಲಿ ಹಿಡಿಸುವಷ್ಟು ಸುತ್ತಿ ಇಟ್ಟರೂ ಕೊಡವಿದರೆ ಸುಕ್ಕಿಲ್ಲ. ಮೈಗೆ ಅಂಟಿದಂತೆ ಇಳಿಯುತ್ತದೆ, ನೆರಿಗೆ ಹಿಡಿಯಲು ಇಬ್ಬರು ಬೇಕಿಲ್ಲ. ಬ್ಲೌಸು ಉದ್ದ ತೋಳಿನದಾದರೆ ಏಸಿಗೂ ಆಯಿತು. ಸೆರಗಿಗೆ ಎರಡು ಪಿನ್ನು ಜಾಸ್ತಿ ಇರಲಿ.

ಆದರೆ ಅದು ರಾತ್ರಿಗೆ. ಹಗಲು ಸೀರೆಯಲ್ಲಿ ಆ ಪಾರ್ಕು ಸುತ್ತುವ ಆಸೆ ಬಿಡಿ ಅಂತ ಕಟ್ಟುನಿಟ್ಟಾಗಿ ಹೇಳಿದೆ. ದಿನಕ್ಕೆ ಹತ್ತು-ಹನ್ನೆರಡು ಕಿಲೋಮೀಟರು ನಡಿಗೆ. ಓಡುತ್ತಿರುವ ಪಟ್ಟಿಯ ಮೇಲೆ ಕಾಲಿಟ್ಟು ಹತ್ತಬೇಕಾದ ಗಾಡಿಗಳಿವೆ. ತೊಡೆಯ ಮೇಲೆ ಕಂಬಿ ಇಳಿಸಿ ಕೂರಿಸುತ್ತಾರೆ, ಸೆರಗು ಎಲ್ಲಿ ಸಿಕ್ಕೀತು ಹೇಳಲಾಗದು. ಮಧ್ಯಾಹ್ನದ ಮೇಲೆ ಗುಡುಗು ಮಳೆ ಬಂದರೆ ಕೊಡೆಯೂ ತಡೆಯದು. ಅನಿಮಲ್ ಕಿಂಗ್‌ಡಮ್ ಪಾರ್ಕಿನಲ್ಲಿ ಕಾಳಿ ರಿವರ್ ರಾಪಿಡ್ಸ್ ಅಂತ ಒಂದಿದೆ. ದುಂಡನೆಯ ತೆಪ್ಪದಲ್ಲಿ ಕೂರಿಸಿ ತಲೆಯಿಂದ ಕಾಲಿನವರೆಗೆ ತೊಯ್ಯಿಸಿ ಕಳಿಸುತ್ತಾರೆ. ನಮ್ಮ ದಾಂಡೇಲಿಯ ಕಾಳಿ ನದಿಯಲ್ಲೂ ತೆಪ್ಪದಾಟ ಇದೆ, ಅಲ್ಲಿಯಾದರೆ ಆಮೇಲೆ ಯಾರೂ ಕೋಟು ಕೇಳುವುದಿಲ್ಲ. ಸಲ್ವಾರ್ ಹಾಕಿ, ಕಾಟನ್ನಿನದು. ಕಾಲಿಗೆ ಬೂಟು. ದೇವಸ್ಥಾನಕ್ಕೆ ಹೋಗುವ ಚಪ್ಪಲಿ ಅಲ್ಲ.

"ಅಂದ್ರೆ ದಿನಕ್ಕೆ ಎರಡು ಸಲ ಬಟ್ಟೆ ಬದಲಾಯಿಸ್ಬೇಕು."

"ಎರಡು ಸಲ ಸ್ನಾನವೂ."

ನಿಜವಾದ ಕಷ್ಟ ಇರುವುದು ಇಲ್ಲಿ. ಹಗಲಿನ ಮೈಯಿಂದ ರಾತ್ರಿಯ ಮೈಗೆ ದಾಟುವುದು ಹೇಗೆ? ಮಧ್ಯಾಹ್ನ ಮೂರು ಗಂಟೆಗೇ ಪಾರ್ಕು ಬಿಟ್ಟು ರೂಮಿಗೆ ಬಂದು, ಮಲಗಿ ಎದ್ದು, ಮಿಂದು, ಉಟ್ಟುಕೊಂಡು ಹೊರಡುವುದು ನನ್ನ ಸಲಹೆ. ಟಿಕೆಟ್ಟಿಗೆ ಅಷ್ಟು ಕೊಟ್ಟು ಮಧ್ಯಾಹ್ನವೇ ಬರುವುದೇ ಅಂತ ಮಕ್ಕಳು ಕೂಗಾಡುತ್ತಾರೆ, ಕೂಗಾಡಲಿ. ಇದನ್ನು ಬಿಟ್ಟು ಬಟ್ಟೆಯ ಚೀಲ ಹೊತ್ತುಕೊಂಡು ಪಾರ್ಕಿಗೆ ಹೋಗಿ, ಲಾಕರಿನಲ್ಲಿಟ್ಟು, ಸಂಜೆ ಶೌಚಾಲಯದಲ್ಲಿ ಬದಲಾಯಿಸುವ ವೀರರೂ ಇದ್ದಾರೆ. ಆ ಒದ್ದೆ ನೆಲದಲ್ಲಿ ಒಂಟಿ ಕಾಲಿನಲ್ಲಿ ನಿಂತು ಆರು ಗಜದ ಸೀರೆ ಉಡುವುದು ನನ್ನಿಂದ ಆಗದು, ಅಕ್ಕನಿಂದಲೂ ಆಗದು. ಗ್ರಾಂಡ್ ಫ್ಲೊರಿಡಿಯನ್ನಿಗೆ ಪಾರ್ಕಿನಿಂದ ಮಾನೊರೈಲಿನಲ್ಲೇ ಬರಬಹುದು. ಮಿಕ್ಕಿ ಕಿವಿ ಹಾಕಿಕೊಂಡ ಇನ್ನೂರು ಜನರ ಮಧ್ಯೆ ರೇಷ್ಮೆ ಸೀರೆ, ಕೋಟು ಹಾಕಿ ನಿಂತರೆ ಒಂದಿಬ್ಬರು ಫೋಟೋ ಕೇಳುತ್ತಾರೆ. ಕೊಡಿ, ಏನೂ ಖರ್ಚಿಲ್ಲ.

"ಆ ಬಿಸಿಲಲ್ಲಿ ಕೋಟು ಹಾಕ್ಕೊಂಡು ಯಾರಾದ್ರೂ ನಿಲ್ತಾರಾ?" ಮೇಷ್ಟ್ರು.

ಒಬ್ಬರು ನಿಲ್ಲುತ್ತಾರೆ. ಕೋಟೆಯ ಮುಂದೆ ವಾಲ್ಟ್ ಡಿಸ್ನಿ ಸಾಹೇಬರು, ಕೋಟು ಟೈ ತೊಟ್ಟು, ಮಿಕ್ಕಿಯ ಕೈ ಹಿಡಿದುಕೊಂಡು. ಕಂಚಿನವರು, ಬೆವರುವುದಿಲ್ಲ. ಇನ್ನೊಂದು ತಮಾಷೆ, ಅವರಿಗೆ ಮೀಸೆ ಇತ್ತು. ಆದರೆ ಅವರ ಪಾರ್ಕಿನಲ್ಲಿ ಕೆಲಸ ಮಾಡುವ ಗಂಡಸರಿಗೆ 2000ನೇ ಇಸವಿಯವರೆಗೆ ಮೀಸೆ ಬಿಡಲು ಅಪ್ಪಣೆ ಇರಲಿಲ್ಲ, ಗಡ್ಡಕ್ಕೆ 2012ರವರೆಗೆ. ಧಣಿಗಳ ನಿಯಮ ಧಣಿಗಳಿಗೆ ಅನ್ವಯಿಸದಿರುವುದು ಅಲ್ಲೂ ಇದೆ.

ಮೇಷ್ಟ್ರು ತಮ್ಮ ಮೀಸೆ ಸವರಿಕೊಂಡು ಒಳಗೆ ಹೋದರು. ಬೀರುವಿನ ಬಾಗಿಲು ಕಿರ್ ಎಂದಿತು. ಹೊರಬಂದಾಗ ಕೈಯಲ್ಲಿ ಮಗಳ ಮದುವೆಗೆ ಹೊಲಿಸಿದ ಬಂದ್‌ಗಲ ಕೋಟು. ಕಡುನೀಲಿ. ನ್ಯಾಫ್ತಲೀನ್ ಗುಳಿಗೆಯ ವಾಸನೆ ಕಾಂಪೌಂಡಿನವರೆಗೆ ಬಂತು. "ಇದು ನಡೆಯುತ್ತಾ?"

ನಡೆಯದೇ ಏನು? ಟೈ ಕಟ್ಟುವ ರಗಳೆ ಇಲ್ಲ, ಒಳಗೆ ಕಾಲರಿನ ಅಂಗಿಯೂ ಬೇಕಿಲ್ಲ, ಕತ್ತಿನವರೆಗೆ ಮುಚ್ಚಿಕೊಳ್ಳುವುದರಿಂದ ಏಸಿಗೂ ಅಂಜಬೇಕಿಲ್ಲ. ಆ ಕೋಣೆಯಲ್ಲಿ ಅದಕ್ಕಿಂತ ಗೌರವದ ಉಡುಪು ಇನ್ನೊಬ್ಬನ ಮೈಮೇಲೆ ಇರುವುದಿಲ್ಲ. ಹಾಕಿ ತೋರಿಸಿ ಎಂದೆ. ಮೇಷ್ಟ್ರು ಬನಿಯನ್ ಮೇಲೇ ತೊಟ್ಟರು. ತೋಳು ಸರಿ, ಭುಜ ಸರಿ. ಕತ್ತಿನ ಗುಂಡಿ ಹಾಕಿದರು, ಎರಡನೆಯದು ಹಾಕಿದರು. ಮೂರನೆಯ ಗುಂಡಿಗೂ ಅದರ ಕಾಜಾಕ್ಕೂ ನಡುವೆ ನಾಲ್ಕು ಬೆರಳು ಅಂತರ. ಮದುವೆಯಾಗಿ ಹನ್ನೊಂದು ವರ್ಷ, ಈ ನಡುವೆ ಒಬ್ಬಟ್ಟು ಎಷ್ಟೋ ಆಗಿಹೋಗಿದೆ.

"ಉಸಿರು ಎಳ್ಕೊಳಿ," ಎಂದರು ಅಕ್ಕ. ಮೇಷ್ಟ್ರು ಎಳೆದುಕೊಂಡರು. ಎರಡು ಬೆರಳಾಯಿತು. ಬಿಟ್ಟರು, ಮತ್ತೆ ನಾಲ್ಕು.

"ಒಳಗಡೆ ಬಟ್ಟೆ ಬಿಟ್ಟಿರ್ತಾನೆ, ಟೈಲರ್ ಹತ್ರ ಬಿಚ್ಚಿ ಹೊಲಿಸಬಹುದು," ಎಂದೆ ನಾನು.

"ಅದೆಲ್ಲ ಯಾಕಮ್ಮ? ಗುಂಡಿ ಹಾಕ್ಲೇಬೇಕು ಅಂತ ಆ ರೂಲ್ಸಲ್ಲಿ ಎಲ್ಲಾದ್ರೂ ಇದ್ಯಾ, ನೋಡು."

ನೋಡಿದೆ. ಟೋಪಿ ಇದೆ, ಚಪ್ಪಲಿ ಇದೆ, ಚಡ್ಡಿ ಇದೆ. ಗುಂಡಿಯ ಬಗ್ಗೆ ಒಂದಕ್ಷರ ಇಲ್ಲ.

"ಇಲ್ಲ ಮೇಷ್ಟ್ರೇ."

"ಹಾಗಾದ್ರೆ ಇದೇ ಆಯ್ತು," ಎಂದು ಮೇಷ್ಟ್ರು ಕೋಟು ತೆಗೆಯದೆಯೇ ಕೂತು ಪೇಪರ್ ಎತ್ತಿಕೊಂಡರು. ಅಕ್ಕ ಹುಣಸೆಹಣ್ಣಿನ ಕೈಯಲ್ಲೇ ನನಗೆ ಸನ್ನೆ ಮಾಡಿ, ದನಿ ತಗ್ಗಿಸಿ, ಸಾಯಂಕಾಲ ಆ ಕಡೆ ಹೋಗುವಾಗ ಟೈಲರ್ ಅಂಗಡಿ ತೆಗೆದಿದೆಯಾ ನೋಡಿಕೊಂಡು ಬಾ ಎಂದರು.